ಮಳಿ ಆಗ್ಯಾದ: ತಪ್ಪಾಗಿ ಓದಿದ ಒಂದು ಕವಿತೆ ಮತ್ತು ನಮ್ಮ ವಿಮರ್ಶೆ

(ಕಲಬುರಗಿಯಲ್ಲಿ ಕಾವ್ಯಾಸಕ್ತರ ಒಂದು ಸಣ್ಣ ಕೂಟದ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಬಂಧುಗಳೇ,

ನನಗೆ ಕೊಟ್ಟಿರುವ ವಿಷಯ ‘ಸಮಕಾಲೀನ ಕಾವ್ಯ, ವಿಮರ್ಶೆ ಮತ್ತು ಸಮಾಜ’. ಮೂರೂ ದೊಡ್ಡ ಮಾತುಗಳು. ಮೂರನ್ನೂ ಒಂದೇ ಸಂಜೆಯಲ್ಲಿ ಹೊತ್ತು ನಡೆಯುವ ಶಕ್ತಿ ನನ್ನಲ್ಲಿಲ್ಲದ ಕಾರಣ, ಐದೇ ಸಾಲಿನ ಒಂದು ಕವಿತೆಯನ್ನು ಹಿಡಿದುಕೊಂಡು ಬಂದಿದ್ದೇನೆ. ಅದನ್ನು ನಾನು ಹೇಗೆ ತಪ್ಪಾಗಿ ಓದಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಉಳಿದ ಮಾತು ಅದರ ಬೆನ್ನಿಗೇ ಬರುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆದ ಕವಿಗೋಷ್ಠಿಗೆ ನಾನು ಅಧ್ಯಕ್ಷನಾಗಿದ್ದೆ. ಕವಿಗಳ ಪಟ್ಟಿ ಉದ್ದವಾಗಿತ್ತು, ಊಟದ ಹೊತ್ತು ಮೀರುತ್ತಿತ್ತು, ಒಬ್ಬೊಬ್ಬರಿಗೆ ಮೂರೇ ನಿಮಿಷ ಎಂದು ನಿರೂಪಕರು ಮತ್ತೆ ಮತ್ತೆ ಎಚ್ಚರಿಸುತ್ತಿದ್ದರು. ಪದವಿ ಓದುತ್ತಿದ್ದ ಒಬ್ಬ ಹುಡುಗಿ ಮೊಬೈಲ್ ನೋಡಿಕೊಂಡು ಒಂದು ನಿಮಿಷವೂ ಹಿಡಿಯದ ಕವಿತೆಯೊಂದನ್ನು ಓದಿ, ಚಪ್ಪಾಳೆಗೂ ಕಾಯದೆ ಇಳಿದು ಹೋದಳು. ಕವಿತೆ ಹೀಗಿತ್ತು:

ನಿಂತ ನಿಂತಲ್ಲೇ ಒಣಗ್ಯಾದ ತೊಗರಿ.
ಅಪ್ಪ ಹೊಲದ ಕಡಿ ಹೋಗೂದು ಬಿಟ್ಟಾನ.
ಪುಣೇದಾಗ ಇಟ್ಟಂಗಿ ಹೊರಾಕಿ ಅವ್ವ
ಫೋನ್ ಹಚ್ಚಿ ಕೇಳ್ತಾಳ, ಮಳಿ ಆಗ್ಯಾದೇನ?
ಆಗ್ಯಾದ ಅಂದೆ. ಸುಳ್ಳಲ್ಲ. ಮಳಿ ಆಗ್ಯಾದ.

ಅಧ್ಯಕ್ಷ ಭಾಷಣದಲ್ಲಿ ಈ ಕವಿತೆಯನ್ನು ನಾನು ಹೊಗಳಿದೆ. ಬರಗಾಲದ ಬವಣೆಯನ್ನೂ ಗುಳೆ ಹೋಗುವವರ ಸಂಕಟವನ್ನೂ ಈ ಕವಯಿತ್ರಿ ಮನ ಮಿಡಿಯುವಂತೆ ಚಿತ್ರಿಸಿದ್ದಾರೆ ಎಂದೆ. ಶಿಷ್ಟ ಕನ್ನಡದಲ್ಲಿ ಬರೆದಿದ್ದರೆ ಇದು ಇನ್ನೂ ಹೆಚ್ಚು ಜನರನ್ನು ಮುಟ್ಟುತ್ತಿತ್ತು ಎಂಬ ಒಂದು ಸಲಹೆಯನ್ನೂ ಕೊಟ್ಟೆ. ಸಭೆ ಮುಗಿದು ಜನ ಊಟದ ಕಡೆ ಹೊರಟಾಗ, ಹೆಗಲ ಮೇಲೆ ಟವೆಲು ಹೊದ್ದ ಹಿರಿಯರೊಬ್ಬರು ಆ ಹುಡುಗಿಯ ಬಳಿ ಬಂದು ನಿಂತು ಕೇಳಿದರು: “ತಂಗಿ, ನೆಟಿ ಹತ್ತಿತ್ತೇನವ್ವಾ?” ಅವಳು, “ಹೌದ್ರಿ ಕಾಕಾ, ಎಲ್ಲಾ ಹೋತು” ಎಂದಳು. ಅವರು ಅವಳ ತಲೆಯ ಮೇಲೆ ಕೈ ಇಟ್ಟು, ಮತ್ತೇನೂ ಹೇಳದೆ ಹೋದರು.

ನೆಟೆ ಎಂದರೇನು ಎಂದು ಇಲ್ಲಿರುವವರಿಗೆ ನಾನು ಹೇಳಬೇಕಾಗಿಲ್ಲ, ಆದರೆ ಈ ಮಾತುಗಳನ್ನು ಮುಂದೆ ಬೇರೆ ಸೀಮೆಯವರೂ ಓದಬಹುದು. ಅದು ಮಣ್ಣಿನಲ್ಲಿ ಉಳಿಯುವ ಒಂದು ಶಿಲೀಂಧ್ರದಿಂದ ತೊಗರಿಗೆ ತಗಲುವ ಸೊರಗು ರೋಗ. ಬೇರಿನ ಮೂಲಕ ಕಾಂಡದೊಳಗೆ ಹೋಗಿ ನೀರು ಏರುವ ದಾರಿಯನ್ನೇ ಅದು ಮುಚ್ಚಿಬಿಡುತ್ತದೆ. ಹೂವು ಕಾಯಿ ಹಿಡಿದು ಎದೆಯುದ್ದ ನಿಂತ ಗಿಡ, ಬೀಳದೆ, ಬಾಗದೆ, ನಿಂತಲ್ಲೇ ಒಣಗುತ್ತದೆ. ಮಳೆ ಚೆನ್ನಾಗಿ ಬಿದ್ದ ವರ್ಷವೂ ಅದು ಬರುತ್ತದೆ. ನೆಲದಲ್ಲಿ ನೀರಿರುತ್ತದೆ, ಗಿಡಕ್ಕೆ ದಕ್ಕುವುದಿಲ್ಲ.

ಈಗ ಕವಿತೆಯನ್ನು ಮತ್ತೊಮ್ಮೆ ಕೇಳಿ. ‘ಮಳಿ ಆಗ್ಯಾದ’ ಎಂದು ಅದು ಎರಡು ಸಲ ಹೇಳುತ್ತದೆ, ‘ಸುಳ್ಳಲ್ಲ’ ಎಂದು ನಡುವೆ ಒತ್ತಿಯೂ ಹೇಳುತ್ತದೆ. ಅದನ್ನು ಕಿವಿಯಾರೆ ಕೇಳಿದ ಮೇಲೂ ನಾನು ವೇದಿಕೆಯ ಮೇಲೆ ನಿಂತು ಅದನ್ನು ಬರಗಾಲದ ಕವಿತೆ ಎಂದೆ! ದೂರದಲ್ಲಿ ಇಟ್ಟಂಗಿ ಹೊರುವ ತಾಯಿಗೆ ಊರಿನ ಬಗ್ಗೆ ಇರುವುದು ಒಂದೇ ಪ್ರಶ್ನೆ: ಮಳೆ ಬಂದಿದೆಯೇ? ಬಂದಿದ್ದರೆ ಉಳಿದದ್ದೆಲ್ಲ ಸರಿಯಾಗಿದೆ ಎಂದೇ ಅವಳ ಲೆಕ್ಕ. ಮಗಳು ಆ ಲೆಕ್ಕವನ್ನು ಒಡೆಯಲಾರಳು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾಳೆ. ಅವಳು ಆಡಿದ್ದು ನಿಜ, ಆದರೆ ಆ ನಿಜವೇ ದೊಡ್ಡ ನಷ್ಟವೊಂದನ್ನು ಬಚ್ಚಿಡುವ ಸೆರಗಾಗಿದೆ. ‘ಸುಳ್ಳಲ್ಲ’ ಎಂಬ ಮಾತು ತಾಯಿಗೆ ಹೇಳಿದ್ದಲ್ಲ, ತನಗೆ ತಾನೇ ಹೇಳಿಕೊಂಡದ್ದು. ಕವಿತೆಯ ಜೀವ ಇರುವುದು ಆ ಒಂದು ಪದದಲ್ಲಿ. ಅದು ನನಗೆ ಕಾಣಲಿಲ್ಲ, ಏಕೆಂದರೆ ‘ತೊಗರಿ ಒಣಗಿದೆ’, ‘ಅವ್ವ ಪುಣೆಗೆ ಹೋಗಿದ್ದಾಳೆ’ ಎಂಬ ಎರಡು ವಿವರ ಕಿವಿಗೆ ಬಿದ್ದ ಕೂಡಲೇ ನನ್ನ ತಲೆಯೊಳಗೆ ‘ರೈತನ ಬವಣೆ’ ಎಂದು ಹೆಸರು ಬರೆದಿಟ್ಟ ಒಂದು ಗೂಡು ತೆರೆದುಕೊಂಡಿತು, ಕವಿತೆಯನ್ನು ಅದರೊಳಗೆ ಇಟ್ಟು ನಾನು ಬಾಗಿಲು ಹಾಕಿಕೊಂಡೆ.

ಆ ಹಿರಿಯರು ಮಾಡಿದ್ದು ವಿಮರ್ಶೆ. ನಾನು ಮಾಡಿದ್ದು ಭಾಷಣ.

ಈ ವ್ಯತ್ಯಾಸವನ್ನು ನಮಗೆ ತಿಳಿಸಿಕೊಡಲು ದೂರದ ಯಾವ ಸಿದ್ಧಾಂತವೂ ಬೇಕಾಗಿಲ್ಲ. ಇಲ್ಲಿಂದ ಸೇಡಂ ದಾರಿ ಹಿಡಿದರೆ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡ ಸಿಗುತ್ತದೆ, ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ, ಶ್ರೀವಿಜಯನ ‘ಕವಿರಾಜಮಾರ್ಗ’ ಹುಟ್ಟಿತು. ನಮಗೆ ದೊರೆತಿರುವ ಕನ್ನಡದ ಮೊದಲ ಕೃತಿ ಕಾವ್ಯವಲ್ಲ, ಕಾವ್ಯವನ್ನು ಹೇಗೆ ಅಳೆಯಬೇಕು ಎಂದು ಹೇಳುವ ಪುಸ್ತಕ. ಇದಕ್ಕಿಂತ ಹಿಂದೆ ಕಾವ್ಯಗಳು ಇದ್ದೇ ಇದ್ದವು, ಶ್ರೀವಿಜಯನೇ ಹಿಂದಿನ ಕವಿಗಳನ್ನು ನೆನೆಯುತ್ತಾನೆ, ಚತ್ತಾಣ ಬೆದಂಡೆಗಳೆಂಬ ಕನ್ನಡದ ಕಾವ್ಯಪ್ರಕಾರಗಳನ್ನು ಹೆಸರಿಸುತ್ತಾನೆ. ಆದರೆ ಕಾಲದ ಹೊಳೆಯಲ್ಲಿ ತೇಲಿ ನಮ್ಮವರೆಗೆ ಬಂದದ್ದು ವಿಮರ್ಶೆ. ಇಂದು ಸಿಮೆಂಟಿನ ಹೆಸರಿನಿಂದ ಗುರುತಿಸಿಕೊಳ್ಳುವ ಆ ಸೀಮೆಯ ಬಗ್ಗೆ ನಾವು ಹೆಮ್ಮೆಪಡಬೇಕಾದ ಕಾರಣ ಇದೊಂದು.

ಆ ಪುಸ್ತಕದಿಂದ ನಾವು ವೇದಿಕೆಗಳ ಮೇಲೆ ಉದುರಿಸುವುದು ಒಂದೆರಡು ತುಣುಕುಗಳನ್ನು ಮಾತ್ರ. ಕಾವೇರಿಯಿಂದ ಗೋದಾವರಿವರೆಗಿನ ನಾಡು ಎಂಬುದು ಒಂದು, ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂಬುದು ಇನ್ನೊಂದು. ಓದು ಬರಹ ಕಲಿಯದೆಯೂ ನಮ್ಮವರು ಕವಿತೆ ಕಟ್ಟಬಲ್ಲರು ಎಂದು ಬೀಗಲು ಈ ಎರಡನೆಯದು ಅನುಕೂಲ. ಆದರೆ ಆ ಪದ್ಯ ಶುರುವಾಗುವುದು ಬೇರೆ ಮಾತಿನಿಂದ: ‘ಪದನರಿದು ನುಡಿಯಲುಂ ನುಡಿದುದನರಿದಾರಯಲುಮಾರ್ಪರಾ ನಾಡವರ್ಗಳ್.’ ಹದವರಿತು ನುಡಿಯುವುದಕ್ಕೂ, ನುಡಿದದ್ದನ್ನು ಅರಿತು ಆರಯುವುದಕ್ಕೂ, ಎಂದರೆ ತೂಗಿ ನೋಡುವುದಕ್ಕೂ, ಆ ನಾಡಿನವರು ಬಲ್ಲರು. ನುಡಿಯುವುದು ಒಂದು ಶಕ್ತಿ, ಆರಯುವುದು ಇನ್ನೊಂದು; ಎರಡನ್ನೂ ಶ್ರೀವಿಜಯ ಒಂದೇ ಉಸಿರಿನಲ್ಲಿ, ಪಂಡಿತರಿಗಲ್ಲ, ನಾಡವರಿಗೆ ಕೊಡುತ್ತಾನೆ. ಟವೆಲು ಹೊದ್ದ ಆ ಹಿರಿಯರು ಸಾವಿರದ ನೂರೈವತ್ತು ವರ್ಷಗಳ ಹಿಂದೆಯೇ ಈ ಪದ್ಯದೊಳಗೆ ಬಂದು ಕುಳಿತಿದ್ದಾರೆ. ನಾವು ಮೊದಲರ್ಧವನ್ನು ಬಿಟ್ಟು ಉತ್ತರಾರ್ಧವನ್ನಷ್ಟೇ ಬಾಯಿಪಾಠ ಮಾಡಿಕೊಂಡೆವು. ಇವತ್ತು ಕವಿಗಳಿಗೆ ಕೊರತೆಯಿಲ್ಲದೆ, ಆರಯುವವರಿಗೆ ಮಾತ್ರ ಕೊರತೆಯಾಗಿರುವುದಕ್ಕೆ ಇದೂ ಒಂದು ಕಾರಣವಿರಬಹುದು ಎಂದು ನನಗೆ ಅನ್ನಿಸುತ್ತದೆ.

ಶ್ರೀವಿಜಯ ಆರಯುವ ಬಗೆಯನ್ನೂ ನೋಡಬೇಕು. ಅವನ ಮೊದಲ ಪರಿಚ್ಛೇದದ ಹೆಸರೇ ‘ದೋಷಾದೋಷಾನುವರ್ಣನ ನಿರ್ಣಯ’. ಸಂಸ್ಕೃತದ ಕಾವ್ಯಮೀಮಾಂಸಕ ದಂಡಿಯ ಹಾದಿಯಲ್ಲಿ ನಡೆದರೂ ಅವನ ಕಣ್ಣು ಕನ್ನಡದ ಮೇಲೆಯೇ ಇದೆ. ಎಡವಿದ ಪದ್ಯವೊಂದನ್ನು ಮುಂದಿಟ್ಟು, ಅದರ ಪಕ್ಕದಲ್ಲಿ ತಿದ್ದಿದ ಪದ್ಯವನ್ನಿಟ್ಟು, ಎರಡನ್ನೂ ಓದುಗನೇ ಹೋಲಿಸಿ ನೋಡಲಿ ಎಂದು ಬಿಡುತ್ತಾನೆ. ಸಂಸ್ಕೃತವನ್ನೂ ಕನ್ನಡವನ್ನೂ ಹದಗೆಟ್ಟು ಬೆರೆಸಿದರೆ ಹೇಗಾಗುತ್ತದೆ ಎಂದು ಹೇಳಲು ಅವನಿಗೆ ಒದಗುವ ಹೋಲಿಕೆ, ಕುದಿಯುವ ಹಾಲಿಗೆ ಬಿದ್ದ ಮಜ್ಜಿಗೆಯ ಹನಿ. ಅಡುಗೆಮನೆಯಲ್ಲಿ ನಿಂತವರಿಗೆಲ್ಲ ಅರ್ಥವಾಗುವ ವಿಮರ್ಶೆ ಅದು. ನಮ್ಮ ಇಂದಿನ ವಿಮರ್ಶಾ ಲೇಖನಗಳಲ್ಲಿ ‘ಸಂಕಥನ’, ‘ಆಯಾಮ’, ‘ನೆಲೆ’, ‘ತಾತ್ತ್ವಿಕತೆ’ ಎಂಬ ಪದಗಳು ಎಷ್ಟು ಸಲ ಬರುತ್ತವೆ, ಕವಿತೆಯ ಒಂದು ಇಡೀ ಸಾಲು ಎಷ್ಟು ಸಲ ಬರುತ್ತದೆ ಎಂದು ಯಾರಾದರೂ ಕುಳಿತು ಎಣಿಸಬೇಕು. ನನ್ನ ಹಳೆಯ ಲೇಖನಗಳಿಂದಲೇ ಶುರು ಮಾಡಿದರೂ ನನ್ನ ಆಕ್ಷೇಪವಿಲ್ಲ.

ಆರಯುವ ಕೆಲಸ ಆಸ್ಥಾನದಲ್ಲೇ ಉಳಿದುಬಿಡಲಿಲ್ಲ ಎಂಬುದಕ್ಕೆ ನಮ್ಮ ಸೀಮೆಯಲ್ಲೇ ಬೇಕಾದಷ್ಟು ಸಾಕ್ಷಿಗಳಿವೆ. ಗೀಗೀ ಮೇಳಗಳ ಹರದೇಶಿ–ನಾಗೇಶಿ ವಾದವನ್ನು ಕೇಳಿದವರು ಇಲ್ಲಿ ಇನ್ನೂ ಇದ್ದೀರಿ. ಒಂದು ಮೇಳ ಗಂಡು ಹೆಚ್ಚೆಂದು ಹಾಡಿದರೆ ಇನ್ನೊಂದು ಹೆಣ್ಣು ಹೆಚ್ಚೆಂದು ಹಾಡುತ್ತದೆ; ಸವಾಲ್ ಎಸೆದವರಿಗೆ ಜವಾಬ್ ಕೊಡಲೇಬೇಕು, ಕೊಡಲಾರದ ಮೇಳದ ಮುಖ ಬೆಳಗಾಗುವುದರೊಳಗೆ ಸಣ್ಣದಾಗುತ್ತದೆ. ಗೆದ್ದವರು ಯಾರು ಎಂದು ತೀರ್ಮಾನಿಸುವುದು ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತ ಜನ. ಮೊಹರಮ್ಮಿನಲ್ಲಿ ಅಲಾವಿಯ, ಎಂದರೆ ಬೆಂಕಿಯ ಕುಣಿಯ, ಸುತ್ತ ಹೆಜ್ಜೆ ಹಾಕುತ್ತ ಹಾಡುವ ರಿವಾಯತ್ ಪದಗಳದ್ದೂ ಇದೇ ರೀತಿ. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ, ಹಿಂದೂ ಮುಸಲ್ಮಾನ ಎಂಬ ಎಣಿಕೆಯಿಲ್ಲದೆ ಕೂಡಿದ ಆ ಮೇಳಗಳಲ್ಲಿ ಪದ ತಪ್ಪಿದವನನ್ನು ಅಲ್ಲೇ ತಡೆದು ನಿಲ್ಲಿಸುತ್ತಾರೆ.

ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನ ತತ್ವಪದಗಳ ವಿಷಯಕ್ಕೆ ಬರುತ್ತೇನೆ. ಅವನ ಶಿಷ್ಯಪರಂಪರೆಯಲ್ಲಿ ಚನ್ನೂರ ಜಲಾಲಸಾಹೇಬನಂಥವರೂ ಇದ್ದರೆಂಬುದು ಭಾವೈಕ್ಯದ ಭಾಷಣಗಳಲ್ಲಿ ತಪ್ಪದೆ ಬರುವ ಮಾತು. ಅದು ನಿಜವೂ ಹೌದು, ಮುಖ್ಯವೂ ಹೌದು. ಆದರೆ ಅಷ್ಟಕ್ಕೇ ನಿಂತರೆ ಜಲಾಲಸಾಹೇಬ ಕವಿಯಾಗಿ ಉಳಿಯದೆ ಬರೀ ಉದಾಹರಣೆಯಾಗಿ ಉಳಿಯುತ್ತಾನೆ. ಭಜನೆಗೆ ಕುಳಿತವರು ಅವನನ್ನು ಹಾಗೆ ಕಾಣುವುದಿಲ್ಲ. ಅವರು ಪಲ್ಲವಿಯನ್ನು ಎರಡು ಸಲ ಹಾಡಿ, ಒಂದು ಪದದ ಬಳಿ ನಿಂತು, ‘ಇದರ ಒಳಗಿನ ಅರ್ಥ ಏನು ಹೇಳ್ರಿ’ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಏಕತಾರಿಯನ್ನು ಪಕ್ಕಕ್ಕಿಟ್ಟು ಅರ್ಧ ಗಂಟೆ ವಾದ ನಡೆಯುವುದುಂಟು. ಎಷ್ಟು ವಿಶ್ವವಿದ್ಯಾಲಯಗಳ ವಿಚಾರ ಸಂಕಿರಣಗಳಲ್ಲಿ ಒಂದು ಪದದ ಬಳಿ ಅರ್ಧ ಗಂಟೆ ನಿಲ್ಲುತ್ತಾರೆ?

ಇನ್ನು ಉರ್ದುವಿನ ಕಡೆ ನೋಡೋಣ. ಬಹಮನಿ ಅರಸರು 1347ರಲ್ಲಿ ಈ ಊರನ್ನು ರಾಜಧಾನಿ ಮಾಡಿಕೊಂಡಾಗಿನಿಂದ ಇಲ್ಲಿ ಬೇರೆ ಬೇರೆ ನುಡಿಗಳು ಒಂದರ ಮೈಗೆ ಒಂದು ತಾಗಿಕೊಂಡೇ ಬದುಕಿವೆ. ದಖನಿಯಲ್ಲಿ, ಎಂದರೆ ದಖನ್ನಿನ ಹಳೆಯ ಉರ್ದುವಿನಲ್ಲಿ, ಉಳಿದು ಬಂದಿರುವ ಅತಿ ಹಳೆಯ ಕಥನಕಾವ್ಯವಾದ ‘ಕದಂರಾವ್ ಪದಂರಾವ್’ ನಮ್ಮ ಪಕ್ಕದ ಬೀದರಿನಲ್ಲಿ ಹದಿನೈದನೆಯ ಶತಮಾನದಲ್ಲಿ ಫಖ್ರುದ್ದೀನ್ ನಿಜಾಮಿ ಬರೆದದ್ದು. ಈ ಊರಿನ ಮುಶಾಯಿರಾಗಳಲ್ಲಿ, ಎಂದರೆ ಉರ್ದು ಕವಿಗೋಷ್ಠಿಗಳಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತು ನಾನು ಕಲಿತದ್ದು ಕಡಿಮೆಯೇನಲ್ಲ. ಅಲ್ಲಿ ಕೇಳುಗನ ಕಿವಿ ಕವಿಯ ನಾಲಿಗೆಗಿಂತ ಒಂದು ಹೆಜ್ಜೆ ಮುಂದಿರುತ್ತದೆ. ಶೇರ್ ಎಂದರೆ ಎರಡು ಸಾಲಿನ ಪದ್ಯ. ಶೇರ್‌ನ ಮೊದಲ ಸಾಲು ಮುಗಿದಾಗ ಸಭೆ ಅದನ್ನು ತಾನೂ ಒಮ್ಮೆ ಹೇಳಿಕೊಳ್ಳುತ್ತದೆ. ಎರಡನೆಯ ಸಾಲಿನಲ್ಲಿ ಕಾಫಿಯಾ, ಎಂದರೆ ಪ್ರಾಸದ ಪದ, ಕಿವಿಗೆ ಬಿದ್ದದ್ದೇ ತಡ, ಅದರ ಬೆನ್ನಿಗೆ ಮರುಕಳಿಸುವ ರದೀಫನ್ನು ಇಡೀ ಸಭೆಯೇ ಕವಿಯ ಜೊತೆ ಸೇರಿ ಮುಗಿಸುತ್ತದೆ. ಚೆನ್ನಾಗಿದ್ದರೆ ‘ಮುಕರ್ರರ್’ ಎಂದು ಮತ್ತೊಮ್ಮೆ ಓದಿಸುತ್ತಾರೆ. ಕಾಫಿಯಾ ತಪ್ಪಿದರೆ ಯಾರೂ ಬೈಯುವುದಿಲ್ಲ, ಸುಮ್ಮನೆ ಇದ್ದುಬಿಡುತ್ತಾರೆ. ಆ ಮೌನ ಯಾವ ಖಂಡನೆಗಿಂತಲೂ ಕಟುವಾದದ್ದು.

ಗಜಲ್ ಕನ್ನಡಕ್ಕೆ ಒಲಿದದ್ದು ಈ ಭಾಗದಿಂದಲೇ ಎಂಬುದು ಸಹಜ. ರಾಯಚೂರಿನ ಶಾಂತರಸರು ಅದಕ್ಕೆ ದಾರಿ ಮಾಡಿಕೊಟ್ಟರು, ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಆ ದಾರಿಯಲ್ಲಿ ತಮ್ಮದೇ ದನಿ ಕಂಡುಕೊಂಡರು. ಶಾಂತರಸರು 2006ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಈಗ ಕನ್ನಡದಲ್ಲಿ ಗಜಲಿನ ಸುಗ್ಗಿ. ಆದರೆ ಬರುತ್ತಿರುವ ಬಹಳಷ್ಟು ಗಜಲುಗಳಲ್ಲಿ ರದೀಫ್ ಒಂದೇ ಉಳಿದಿದೆ, ಕಾಫಿಯಾ ಕಾಣೆಯಾಗಿದೆ. ‘ಬೇಲಿ ಇರಲಿ’, ‘ಜೋಲಿ ಇರಲಿ’, ‘ಕೂಲಿ ಇರಲಿ’ ಎಂದಾಗ ‘ಇರಲಿ’ ರದೀಫ್. ಬೇಲಿ, ಜೋಲಿ, ಕೂಲಿಗಳು ಕಾಫಿಯಾ. ಬದಲಾಗದ ‘ಇರಲಿ’ಯನ್ನು ಬದಲಾಗುವ ಪ್ರಾಸ ಪ್ರತಿಸಲವೂ ಹೊಸದಾಗಿ ತಡವಿದಾಗ ಮಾತ್ರ ಅದಕ್ಕೆ ಜೀವ ಬರುತ್ತದೆ. ಪ್ರಾಸವಿಲ್ಲದೆ ‘ಮನೆ ಇರಲಿ’, ‘ಬೆಳಕು ಇರಲಿ’, ‘ಸ್ನೇಹ ಇರಲಿ’ ಎಂದು ಬರೆಯುತ್ತ ಹೋದರೆ ಅದು ಶುಭಾಶಯ ಪತ್ರವಾಗುತ್ತದೆ. ಇದನ್ನು ಹೇಳುವುದಕ್ಕೆ ಪಾಂಡಿತ್ಯ ಬೇಕಿಲ್ಲ, ಮುಶಾಯಿರಾದ ಹಿಂದಿನ ಸಾಲಿನವರ ಕಿವಿ ಇದ್ದರೆ ಸಾಕು. ನಮ್ಮ ಕನ್ನಡ ಕವಿಗೋಷ್ಠಿಗಳು ಗಜಲನ್ನು ತಂದುಕೊಂಡವು, ಆ ಕಿವಿಯನ್ನು ತರಲಿಲ್ಲ.

ಛಂದಸ್ಸಿನ ಮಾತು ತೆಗೆದರೆ ನಮ್ಮ ತರುಣ ಕವಿಗಳು ಬಸವಣ್ಣನ ಮೊರೆ ಹೋಗುತ್ತಾರೆ. ‘ಆನು ಒಲಿದಂತೆ ಹಾಡುವೆ’ ಎಂದು ಅವನೇ ಹೇಳಿಲ್ಲವೇ ಎಂದು ಕೇಳುತ್ತಾರೆ. ಹೇಳಿದ್ದಾನೆ. ಆದರೆ ಅದೇ ವಚನದಲ್ಲಿ ತನಗೆ ಏನೇನು ತಿಳಿಯದು ಎಂದು ಅವನು ಒಂದು ಪಟ್ಟಿಯನ್ನೂ ಕೊಟ್ಟಿದ್ದಾನೆ: ತಾಳ, ಮಾನ, ಓಜೆ, ಬಜಾವಣೆ, ಅಮೃತಗಣ, ದೇವಗಣ. ಇಷ್ಟೊಂದು ಹೆಸರುಗಳನ್ನು ಕರಾರುವಾಕ್ಕಾಗಿ ಎಣಿಸಬಲ್ಲವನು ‘ಅರಿಯೆ’ ಎಂದರೆ ಅದು ಅಜ್ಞಾನವಲ್ಲ, ಅರಿತು ಬಿಟ್ಟದ್ದು. ಇನ್ನೊಂದು ಮಾತು: ಆ ಪಟ್ಟಿಯನ್ನೇ ಅವನು ‘ಅರಿಯೆ, ಅರಿಯೆ’ ಎಂಬ ಲಯದಲ್ಲಿ ಹೇಳಿದ್ದಾನೆ. ಬಸವಕಲ್ಯಾಣದ ಶರಣರು ಲಯವನ್ನು ಬಿಡಲಿಲ್ಲ, ಗಣದ ಲೆಕ್ಕದಿಂದ ಅದನ್ನು ಬಿಡಿಸಿ ಮಾತಿನ ಉಸಿರಿಗೆ ಕಟ್ಟಿದರು. ಸಾಲನ್ನು ಎಲ್ಲಿ ಮುರಿದರೂ ನಡೆಯುತ್ತದೆ ಎಂಬ ಇಂದಿನ ಗದ್ಯದ ತುಂಡುಗಳಿಗೆ ಅವರನ್ನು ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ.

ಈಗ ಸಮಾಜದ ವಿಷಯ. ‘ಖಡ್ಗವಾಗಲಿ ಕಾವ್ಯ, ಜನರ ನೋವಿಗೆ ಮಿಡಿವ ಪ್ರಾಣಮಿತ್ರ’ ಎಂದು 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಘೋಷಿಸಿದಾಗ ನಮ್ಮ ತಲೆಮಾರಿನ ಮೈಯೆಲ್ಲ ಕಿವಿಯಾಗಿತ್ತು. ಆ ಘೋಷಣೆಯ ಮೊದಲರ್ಧವನ್ನು ಹಿಡಿದವರು ಬಹಳ ಮಂದಿ, ‘ಮಿಡಿವ’ ಎಂಬ ಕ್ರಿಯಾಪದದ ಬಳಿ ನಿಂತವರು ಕಡಿಮೆ. ಮಿಡಿಯಲು ಎದುರಿಗೆ ಒಬ್ಬ ಮನುಷ್ಯ ಬೇಕು, ‘ಜನ’ ಎಂಬ ರಾಶಿ ಸಾಲದು. ಈ ಸೀಮೆಯ ಚೆನ್ನಣ್ಣ ವಾಲೀಕಾರರು ಅಂಬೇಡ್ಕರರನ್ನು ಕುರಿತು ಬರೆದ ‘ನೀ ಹೋದ ಮರುದಿನ’ ಹಾಡನ್ನು ನೆನೆಯಿರಿ. ಏಪ್ರಿಲ್ 14ರ ಮೆರವಣಿಗೆಗಳಲ್ಲಿ, ಡಿಸೆಂಬರ್ 6ರ ಸಭೆಗಳಲ್ಲಿ ಅದನ್ನು ಹಾಡುವ ಎಷ್ಟೋ ಜನರಿಗೆ ಬರೆದವರ ಹೆಸರು ತಿಳಿಯದು. ಅದು ಕವಿಗೆ ಆದ ಅನ್ಯಾಯವೂ ಹೌದು, ಸಿಕ್ಕ ದೊಡ್ಡ ಬಿರುದೂ ಹೌದು.

ಆ ಹಾಡಿನ ಮೊದಲ ಮೂರು ಪದಗಳನ್ನಷ್ಟೇ ನೋಡೋಣ. ‘ನೀ’ ಎನ್ನುತ್ತಾರೆ ವಾಲೀಕಾರರು, ‘ತಾವು’ ಎನ್ನುವುದಿಲ್ಲ. ದೇಶವೇ ಕೈಮುಗಿಯುವ ನಾಯಕನನ್ನು ಮನೆಯ ಹಿರಿಯನನ್ನು ಕರೆದಂತೆ ಕರೆಯುವ ಸಲಿಗೆ ಅದು. ‘ಹೋದ’ ಎನ್ನುತ್ತಾರೆ, ‘ಅಗಲಿದ’ ಎನ್ನುವುದಿಲ್ಲ. ‘ಮರುದಿನ’ ಎನ್ನುತ್ತಾರೆ. ಹತ್ತು ವರ್ಷಗಳ ಮೇಲೆ ಅಲ್ಲ, ಕಾಲ ಕಳೆದಂತೆ ಅಲ್ಲ, ಮರುದಿನ. ಬದುಕು ಮೊದಲಿನಂತಾಗಲು ಒಂದು ರಾತ್ರಿ ಸಾಕಾಯಿತು ಎಂಬ ದೂರು, ಆರೋಪ, ಅಳು ಎಲ್ಲವೂ ಆ ಒಂದು ಪದದಲ್ಲಿ ಕೂಡಿಕೊಂಡಿವೆ. ಈ ಹಾಡು ಖಡ್ಗವಲ್ಲ, ಸತ್ತವನ ಮುಂದೆ ಕುಳಿತು ಮನೆಯವರು ಹೆಸರು ಹಿಡಿದು ಕರೆದು ಅಳುವ ನಮ್ಮ ಹಳ್ಳಿಯ ಪರಿ. ಆದರೂ ಅದು ಮಾಡಿದ ಸಾಮಾಜಿಕ ಟೀಕೆಯ ಆಳಕ್ಕೆ ಆ ಕಾಲದ ನೂರು ಖಡ್ಗಗಳು ಇಳಿಯಲಿಲ್ಲ. ಇದೇ ಕವಿ ‘ವ್ಯೋಮಾವ್ಯೋಮ’ ಎಂಬ ಮಹಾಕಾವ್ಯವನ್ನೂ ಬರೆದಿದ್ದಾರೆ, ಅದನ್ನು ನಮ್ಮಲ್ಲಿ ಎಷ್ಟು ಜನ ಕೊನೆಯವರೆಗೆ ಓದಿದ್ದೇವೆ ಎಂದು ಕೇಳಿದರೆ ಈ ಸಭೆಗೆ ಮುಜುಗರವಾದೀತು, ಆದ್ದರಿಂದ ಕೇಳುವುದಿಲ್ಲ.

ಆ ಹುಡುಗಿಗೆ ನಾನು ಕೊಟ್ಟ ಸಲಹೆ, ಶಿಷ್ಟ ಕನ್ನಡದ್ದು, ಇನ್ನೂ ನನ್ನನ್ನು ಚುಚ್ಚುತ್ತದೆ. ‘ಮಳೆಯಾಗಿದೆ ಎಂದೆ. ಸುಳ್ಳಲ್ಲ. ಮಳೆಯಾಗಿದೆ’ ಎಂದು ಓದಿ ನೋಡಿ. ಅರ್ಥ ಉಳಿಯುತ್ತದೆ, ಫೋನಿನ ಆ ಬದಿಯಲ್ಲಿದ್ದ ತಾಯಿ ಇಲ್ಲವಾಗುತ್ತಾಳೆ. ಏಕೆಂದರೆ ಯಾವ ಮಗಳೂ ತನ್ನ ಅವ್ವನ ಜೊತೆ ಆ ಕನ್ನಡದಲ್ಲಿ ಮಾತಾಡಿರಲಿಲ್ಲ. ನಮ್ಮ ಭಾಷೆ ಸಿನಿಮಾದಲ್ಲಿ, ಟಿವಿಯಲ್ಲಿ ನಗಿಸುವುದಕ್ಕೆ ಬರುತ್ತದೆ. ಪುಸ್ತಕದಲ್ಲಿ ‘ಪ್ರಾದೇಶಿಕ ಸೊಗಡು’ ಎಂದು ಹೊಗಳಿಸಿಕೊಳ್ಳುವುದಕ್ಕೆ ಬರುತ್ತದೆ. ಸೊಗಡು ಎಂದರೆ ವಾಸನೆ. ಮೈಸೂರಿನ ಕವಿಯ ಭಾಷೆಗೆ ವಾಸನೆ ಇದೆ ಎಂದು ಯಾರೂ ಬರೆಯುವುದಿಲ್ಲ.

ಈ ಜಗಳವೂ ಹೊಸದಲ್ಲ. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಶ್ರೀವಿಜಯ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಿನ ನಾಡನ್ನು ಹೆಸರಿಸುತ್ತಾನೆ. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಕಡೆ. ಮಾನ್ಯಖೇಟದ ಆಸ್ಥಾನದಲ್ಲಿ ಹುಟ್ಟಿದ ಪುಸ್ತಕ ಮಾನ್ಯಖೇಟವನ್ನೇ ತಿರುಳಿನ ಹೊರಗಿಟ್ಟಿತು ಎಂಬುದನ್ನು ಗಮನಿಸಿದಾಗಲೆಲ್ಲ ನನಗೆ ನಗು ಬರುತ್ತದೆ. ಆದರೆ ಅವನು ಪ್ರಾಮಾಣಿಕ. ‘ಕನ್ನಡಂಗಳ್’ ಎಂದು ಬಹುವಚನದಲ್ಲಿ ಹೇಳಿ, ದೇಸಿ ಬೇರೆ ಬೇರೆಯಾಗಿರುವುದರಿಂದ ಇದು ದೋಷ, ಇದು ದೋಷವಲ್ಲ ಎಂದು ತೀರ್ಮಾನಿಸಲು ಹೊರಟರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬಂದೀತು ಎಂದು ಒಪ್ಪಿಕೊಳ್ಳುತ್ತಾನೆ. ಅಷ್ಟು ವಿನಯ ಅಂದಿನ ಆ ವೇದಿಕೆಯ ಮೇಲೆ ನನಗೆ ಇರಲಿಲ್ಲ.

ಹಾಗಾದರೆ ಇವತ್ತು ಆರಯುವವರು ಏಕಿಲ್ಲ? ಪ್ರತಿಭೆಯ ಅಭಾವವಲ್ಲ ಇದು, ಸಂಬಂಧಗಳ ಭಾರ. ನಮ್ಮದು ಸಣ್ಣ ಊರು. ಸಂಕಲನ ತಂದವರು ನಮ್ಮ ಸಹೋದ್ಯೋಗಿ, ಇಲ್ಲವೇ ನಮ್ಮ ವಿದ್ಯಾರ್ಥಿಯ ಮಾವ, ಇಲ್ಲವೇ ಬರುವ ತಿಂಗಳು ನಮ್ಮ ಪುಸ್ತಕದ ಬಗ್ಗೆ ಮಾತಾಡಲಿರುವವರು. ಈ ಕವಿತೆಯ ಮೂರನೆಯ ಸಾಲು ಸೋತಿದೆ ಎಂದರೆ ಅದನ್ನು ಸಾಲಿನ ಮಾತಾಗಿ ಯಾರೂ ತೆಗೆದುಕೊಳ್ಳುವುದಿಲ್ಲ. ಯಾವ ಬಣದವರು, ಯಾವ ಜಾತಿಯವರು, ಯಾರು ಹೇಳಿಸಿದರು ಎಂಬ ಹುಡುಕಾಟ ಶುರುವಾಗುತ್ತದೆ. ನಾಳೆ ಒಂದೇ ಮದುವೆಯ ಪಂಕ್ತಿಯಲ್ಲಿ ಎದುರೆದುರು ಕೂರಬೇಕಾದವರು ನಾವು. ಹೀಗಾಗಿ ವಿಮರ್ಶೆ ಮೂರು ಕಡೆ ಅಡಗಿಕೊಂಡಿದೆ. ಒಂದು, ಮುನ್ನುಡಿ ಬೆನ್ನುಡಿಗಳಲ್ಲಿ. ಅಲ್ಲಿ ‘ಭರವಸೆಯ ಕವಿ’ ಎಂಬ ಪದ ಅರುವತ್ತರ ಹರೆಯದವರಿಗೂ ದೊರೆಯುತ್ತದೆ. ಎರಡು, ಬಡ್ತಿಯ ಅಂಕಗಳಿಗಾಗಿ ಬರೆದ ಪ್ರಬಂಧಗಳಲ್ಲಿ. ಅವನ್ನು ಬರೆದವರೂ ಎರಡನೆಯ ಸಲ ಓದುವುದಿಲ್ಲ. ಮೂರು, ಸಭೆ ಮುಗಿದ ಮೇಲಿನ ಚಹಾದ ಅಂಗಡಿಯಲ್ಲಿ. ನಿಜವಾದ ವಿಮರ್ಶೆ ನಡೆಯುವುದು ಈ ಮೂರನೆಯ ಕಡೆ, ಅದೂ ಕವಿ ಬೈಕ್ ಹತ್ತಿ ಹೋದ ಮೇಲೆ.

ವಾಟ್ಸಾಪ್ ಗುಂಪುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕವಿತೆ ಬಂದ ಅರ್ಧ ನಿಮಿಷದಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟುತ್ತವೆ, ಕೆಲವೊಮ್ಮೆ ಕವಿತೆ ತೆರೆದುಕೊಳ್ಳುವ ಮೊದಲೇ. ಆದರೆ ಫೋನನ್ನು ಬೈದು ಪ್ರಯೋಜನವಿಲ್ಲ. ಆ ಹುಡುಗಿ ಬರೆದದ್ದೂ ಫೋನಿನಲ್ಲೇ, ಅವಳ ಕವಿತೆಯೊಳಗೆ ಇರುವುದೂ ಫೋನೇ. ಹೊಗಳಿಕೆ ಅಗ್ಗವಾಗಿರುವುದಕ್ಕಿಂತ ದೊಡ್ಡ ಕೇಡು ಬೇರೆ ಇದೆ. ಇವತ್ತು ಒಂದು ಕವಿತೆ ಯಾವ ಪಕ್ಷದ್ದು, ಯಾರ ಪರ, ಯಾರ ವಿರುದ್ಧ ಎಂದು ತಿಳಿದುಬಿಟ್ಟರೆ ಓದಿ ಮುಗಿಯಿತು ಎಂದು ನಾವು ನಂಬಿದ್ದೇವೆ. ನಿಲುವು ಗೊತ್ತಾದ ಮೇಲೆ ಸಾಲು ಯಾರಿಗೂ ಬೇಕಾಗಿಲ್ಲ. ನಾನು ‘ಬರಗಾಲ’ ಎಂದದ್ದು ಇದೇ ರೋಗದಿಂದ. ರೈತನ ಪರವಾಗಿ ಇರುವ ಭರದಲ್ಲಿ ಆ ರೈತನ ಹೊಲದಲ್ಲಿ ನಿಜಕ್ಕೂ ಏನಾಯಿತು ಎಂದು ಕೇಳಿಸಿಕೊಳ್ಳಲಿಲ್ಲ.

ಈ ಊರು ನಾಲ್ಕು ಸಲ ಕನ್ನಡ ಸಾಹಿತ್ಯ ಸಮ್ಮೇಳನ ಕಂಡಿದೆ: 1928, 1949, 1987 ಮತ್ತು 2020. ಬಿ.ಎಂ. ಶ್ರೀಕಂಠಯ್ಯ, ಸಿದ್ಧಯ್ಯ ಪುರಾಣಿಕ, ಎಚ್.ಎಸ್. ವೆಂಕಟೇಶಮೂರ್ತಿ, ಹೀಗೆ ಅಧ್ಯಕ್ಷರಲ್ಲಿ ಮೂವರು ಕವಿಗಳು. 1949ರ ಅಧ್ಯಕ್ಷರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಸರ್ವಜ್ಞನ ವಚನಗಳನ್ನು ಜನರ ಬಾಯಿಂದಲೂ ಓಲೆಗಳಿಂದಲೂ ಆಯ್ದು, ಪಾಠಗಳನ್ನು ಹೋಲಿಸಿ, ಇದು ಅವನದು ಇದು ಅಲ್ಲ ಎಂದು ಕುಳಿತು ಆರೈದವರು. ನಿಜಾಮರ ಆಳ್ವಿಕೆ 1948ರ ಸೆಪ್ಟೆಂಬರಿನಲ್ಲಿ ಕೊನೆಗೊಂಡು, ಕನ್ನಡ ಶಾಲೆಗಳಿಗೆ ಆಗಷ್ಟೇ ಉಸಿರು ಬಂದಿದ್ದ ಹೊತ್ತಿನಲ್ಲಿ ಈ ಊರು ಅಂಥವರನ್ನು ಅಧ್ಯಕ್ಷ ಪೀಠದಲ್ಲಿ ಕಂಡಿತು. ಆ ವರ್ಷದ ಸಮ್ಮೇಳನವನ್ನು ನಾವು ಹೆಚ್ಚಾಗಿ ನೆನೆಯುವುದಿಲ್ಲ.

ನನ್ನ ಮಾತು ಮುಗಿಯುತ್ತ ಬಂತು, ಆದರೆ ಒಂದು ಕೆಲಸ ಉಳಿದಿದೆ. ಇಲ್ಲಿಗೆ ಬರುವ ಮುನ್ನ ಆ ಕವಿತೆಯನ್ನು ನಿಮ್ಮ ಮುಂದೆ ಓದಬಹುದೇ ಎಂದು ಕೇಳಲು ಅವಳಿಗೆ ಫೋನ್ ಮಾಡಿದ್ದೆ. ಅಂದಿನ ನನ್ನ ತಪ್ಪನ್ನು ಹೇಳಿಕೊಂಡೆ. ಅವಳು ನಕ್ಕು, “ಇರಲಿ ಬಿಡ್ರಿ ಸರ್” ಎಂದಳು. ಕವಿತೆಯನ್ನು ತಾನು ತಿದ್ದಿದ್ದೇನೆ ಎಂದೂ ಹೇಳಿ, ಸಂಜೆ ಕಳಿಸಿದಳು. ಮೊದಲ ನಾಲ್ಕು ಸಾಲು ಹಾಗೆಯೇ ಇವೆ. ಕೊನೆಯ ಸಾಲು ಈಗ ಇಷ್ಟೇ:

ಆಗ್ಯಾದ ಅಂದೆ.

‘ಸುಳ್ಳಲ್ಲ’ ಹೋಗಿದೆ, ಎರಡನೆಯ ‘ಮಳಿ ಆಗ್ಯಾದ’ವೂ ಹೋಗಿದೆ. ಕವಿತೆಯ ಜೀವ ಆ ಪದದಲ್ಲಿದೆ ಎಂದು ಈಗಷ್ಟೇ ಹೇಳಿದ ನನಗೆ ಇದು ಪೆಟ್ಟು. ಅವಳ ವಾದ ಹೀಗಿದೆ: ‘ಸುಳ್ಳಲ್ಲ’ ಎಂದು ಹೇಳಿಬಿಟ್ಟರೆ ಬಚ್ಚಿಟ್ಟದ್ದನ್ನು ಬೆರಳು ಮಾಡಿ ತೋರಿಸಿದಂತಾಗುತ್ತದೆ, ಅವ್ವನಿಗೆ ಹೇಳದೇ ಇದ್ದದ್ದನ್ನು ಓದುವವರಿಗೆ ಏಕೆ ಹೇಳಬೇಕು? ನನ್ನ ಹಿಂಜರಿಕೆ ಹೀಗಿದೆ: ನೆಟೆಯನ್ನು ಕಂಡವರಿಗೆ ಹೊಸ ಪಾಠ ಸಾಕು, ಕಾಣದವರು ಮಾತ್ರ ನನ್ನಂತೆಯೇ ಬರಗಾಲ ಎಂದು ಓದಿ ಮುಂದೆ ಹೋಗುತ್ತಾರೆ, ‘ಸುಳ್ಳಲ್ಲ’ ಎಂಬುದು ಅಂಥವರ ಕಾಲಿಗೆ ತೊಡರಬೇಕಾದ ಕಲ್ಲು. ಆ ಕಲ್ಲಿದ್ದಾಗಲೂ ನಾನು ಎಡವದೆ ನಡೆದೆ ಎಂಬುದು ಬೇರೆ ಮಾತು. ನನ್ನ ಒಲವು ಇನ್ನೂ ಹಳೆಯ ಪಾಠದ ಕಡೆಗೇ ಇದೆ. ಎರಡನೆಯ ಸಾಲಿನಲ್ಲಿ ಕುಳಿತಿರುವ ತಾಯಿಯೊಬ್ಬರು ಆಗಿನಿಂದ ತಲೆ ಅಲ್ಲಾಡಿಸುತ್ತಿದ್ದಾರೆ, ಅವರಿಗೆ ನನ್ನ ಮಾತು ಒಪ್ಪಿಗೆಯಾದಂತಿಲ್ಲ. ಮೈಕನ್ನು ದಯವಿಟ್ಟು ಅವರ ಕೈಗೆ ಕೊಡಿ.